ರೇಡಿಯೋ ಹಚ್ಚದ ಸಂಜೆ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿದ್ದ ಗೋಡೆಯ ದಪ್ಪ ನಾಲ್ಕೂವರೆ ಇಂಚು. ಕ್ಯಾಲೆಂಡರ್ ಹಾಕಲೆಂದು ಅಪ್ಪ ಮೊಳೆ ಹೊಡೆದಾಗ ಆ ಕಡೆ ಗಾರೆ ಉದುರಿತು. ಆಮೇಲೆ ಸ್ಕೇಲು ಹಿಡಿದು ಅಳೆದವಳು ನಾನು. ಆ ಗೋಡೆಯ ಆಚೆ, ಧಾರವಾಡದ ಆ ಚಾಳಿನಲ್ಲಿ, ಹನ್ನೊಂದು ವರ್ಷ ಒಬ್ಬ ಗಾಯಕರಿದ್ದರು. ರೇಡಿಯೋದಲ್ಲಿ ಹಾಡುತ್ತಿದ್ದರು. ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕೂ ಎಂದೂ ಕರೆಯುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ.

ರೇಡಿಯೋದಲ್ಲಿ ಹಾಡುವವರ ಮನೆಯಲ್ಲಿ ರೇಡಿಯೋ ಇರಲಿಲ್ಲ. ಅವರ ಹಾಡು ಇದ್ದ ದಿನ ಕಾಕೂ ಅಕ್ಕಿಯ ಮೊರ ಹಿಡಿದುಕೊಂಡು ನಮ್ಮಲ್ಲಿಗೆ ಬಂದು ಕೂರುತ್ತಿದ್ದರು. ಹಾಡು ಮುಗಿಯುವವರೆಗೆ ಬೆರಳು ಅಕ್ಕಿಯಲ್ಲಿ ಆಡುತ್ತಿತ್ತು, ಒಂದು ಹರಳೂ ಹೊರಗೆ ಬರುತ್ತಿರಲಿಲ್ಲ. ಮನೆಯಲ್ಲಿ ಕೇಳಿದ್ದು ಸಾಲದೇ ಎಂದು ಅವ್ವ ಚೇಷ್ಟೆ ಮಾಡಿದರೆ, ಅಲ್ಲಿ ಹಾಡುವವನು ಗಂಡ, ಇಲ್ಲಿ ಹಾಡುವವರು ಯಾರೋ ದೊಡ್ಡ ಮನುಷ್ಯರು ಎನ್ನುತ್ತಿದ್ದರು.

ಆಗ ಹಾಡು ಹೆಚ್ಚಾಗಿ ಸ್ಟುಡಿಯೋದಿಂದ ನೇರವಾಗಿಯೇ ಬರುತ್ತಿತ್ತು. ಮುಗಿದ ಮುಕ್ಕಾಲು ತಾಸಿಗೆ ಕಾಕಾ ನಡೆದುಕೊಂಡು ಓಣಿಗೆ ಬರುತ್ತಿದ್ದರು. ಮೂಲೆಯ ಚಾದಂಗಡಿಯವನು ತನ್ನ ರೇಡಿಯೋದ ದನಿ ಏರಿಸಿ, ಗಿರಾಕಿಗಳ ಬಾಯಿ ಮುಚ್ಚಿಸಿ ಕೇಳಿಸಿರುತ್ತಿದ್ದ. ಕಾಕಾ ಹಾದುಹೋಗುವಾಗ ಅಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಕೆಲಗೇರಿಯಿಂದ ಹಾಲು ತರುವಾಕೆ ಅವರ ಮನೆಗೆ ಬೇಕೆಂದೇ ಕೊನೆಗೆ ಹಾಲು ಹಾಕುತ್ತಿದ್ದಳು, ಕಾಕಾ ಅಭ್ಯಾಸಕ್ಕೆಂದು ಹಾಡುವ ರಿಯಾಜು ಕೇಳುತ್ತ ಸ್ವಲ್ಪ ಕೂರಬಹುದೆಂದು.

ನಾನು ಮಾತ್ರ ಅವರ ಹಾಡಿನ ಬಗ್ಗೆ ಅವರೊಡನೆ ಒಂದು ಮಾತೂ ಆಡಿದವಳಲ್ಲ. ನನ್ನ ಎಂ.ಎ. ಪರೀಕ್ಷೆಯ ತಿಂಗಳು, ಓದಿಗೆ ಅಡ್ಡಿಯಾದೀತೆಂದು ಕಾಕಾ ತಾವಾಗಿಯೇ ಮನೆಯ ರಿಯಾಜು ನಿಲ್ಲಿಸಿ, ನಸುಕಿನಲ್ಲಿ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಹಾಡಿಕೊಂಡು ಬರುತ್ತಿದ್ದರು. ಆ ದನಿ ಇಲ್ಲದ ನಸುಕಿನಲ್ಲಿ ನನಗೆ ಓದು ಹತ್ತುತ್ತಿರಲಿಲ್ಲ. ಹಾಗೆಂದು ಹೇಳಬಹುದಿತ್ತು. ಹೇಳಲಿಲ್ಲ. ಪರೀಕ್ಷೆ ಮುಗಿದ ದಿನ ಉಪಕಾರವಾಯಿತೆಂದು ಹೇಳಿ ಬಂದೆ, ಅಷ್ಟೆ. ಆಮೇಲೆ ನನಗೆ ಲೈಬ್ರರಿಯಲ್ಲಿ ಪುಸ್ತಕಗಳ ಕಾರ್ಡು ಬರೆಯುವ ಕೆಲಸ ಸಿಕ್ಕಿತು. ಮಾತು ಬೇಕಿಲ್ಲದ ಕೆಲಸ.

ತೀರಿಕೊಳ್ಳುವ ಹಿಂದಿನ ತಿಂಗಳು ಕಾಕಾನ ಅರ್ಧ ತಾಸಿನ ಹಾಡನ್ನು ರೇಡಿಯೋದವರು ಟೇಪು ಮಾಡಿಕೊಂಡರು. ಅವರ ಹಾಡು ಟೇಪಿಗೆ ಹೋದದ್ದು ಅದೇ ಮೊದಲು. ತಮ್ಮ ದನಿಯನ್ನು ತಾವೇ ಹೊರಗಿನಿಂದ ಕೇಳಬಹುದೆಂದು ಅವರಿಗೆ ಬಹಳ ಹಿಗ್ಗು. ಹಾಡು ಬರುವ ಸಂಜೆ ಇಬ್ಬರೂ ನಿಮ್ಮಲ್ಲಿಗೇ ಬರುತ್ತೇವೆ ಎಂದು ಅಪ್ಪನಿಗೆ ಹೇಳಿದರು. ಹಿಂದೆ ನಿಂತಿದ್ದ ಕಾಕೂ, "ಇಷ್ಟ ವರ್ಷ ನಾ ತಡಕೊಂಡೇನಿ. ಒಂದಿನ ಅವರೂ ತಡಕೊಳ್ಳಲಿ, ಗೊತ್ತಾಗತದ" ಅಂದರು. ಅಪ್ಪ ನಕ್ಕದ್ದು ಓಣಿಯ ಆ ತುದಿಯವರೆಗೆ ಕೇಳಿರಬೇಕು.

ಆ ಸಂಜೆಗೆ ಇನ್ನೂ ಒಂಬತ್ತು ದಿನ ಇತ್ತು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಪಾಠ ಹೇಳಿ ಬಸ್ಸಿನಲ್ಲಿ ಬಂದ ಕಾಕಾ ಎದೆ ಹಿಡಿದುಕೊಂಡು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತರು. ನೀರು ತಂದುಕೊಟ್ಟವಳು ನಾನು. ಎರಡು ಗುಟುಕು ಕುಡಿದು ಲೋಟವನ್ನು ತಮ್ಮ ಪಕ್ಕದಲ್ಲಿ ಚೆಲ್ಲದ ಹಾಗೆ ಇಟ್ಟರು. ಅಪ್ಪ ಡಾಕ್ಟರರನ್ನು ಕರೆತರುವಷ್ಟರಲ್ಲಿ ಮುಗಿದಿತ್ತು.

ಓಣಿಯಲ್ಲಿ ಯಾರೂ ರೇಡಿಯೋ ಹಚ್ಚಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ವಾರ್ತೆಗೆಂದು ಅಲ್ಲಲ್ಲಿ ಸಣ್ಣಗೆ ಶುರುವಾಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಅಂದಿನ ರೇಡಿಯೋ ಕಾರ್ಯಕ್ರಮಗಳ ಪಟ್ಟಿ ನೋಡಿದೆ. ಏಳೂವರೆಗೆ ಕಾಕಾನ ಹೆಸರಿತ್ತು. ಇಬ್ಬರೂ ಕೂಡಿ ಕೇಳಬೇಕೆಂದಿದ್ದ ಹಾಡು ಅದು. ಗಂಡ ಹೋದ ಒಂಬತ್ತನೆಯ ದಿನ ಆ ದನಿ ಗೋಡೆ ದಾಟಿ ಬಂದರೆ ಕಾಕೂನ ಗತಿ ಏನು ಎಂದು ಹೆದರಿದೆ. ಅವ್ವನಿಗೆ ಹೇಳಿದೆ. ಸೂತಕದ ಮನೆಯ ಮಗ್ಗುಲಲ್ಲಿ ಹಾಡು ಹಚ್ಚುವುದು ಹೇಗೂ ಸರಿಯಲ್ಲ ಎಂದು ಅವ್ವನೂ ಅಂದಳು.

ಮಾತಾಡದ ಹುಡುಗಿ ಎಂದು ಹೆಸರಾದ ನಾನು ಆ ದಿನ ಲೈಬ್ರರಿಯಿಂದ ಬಂದವಳೇ, ಸೀರೆ ಬದಲಿಸದೆ, ರೇಡಿಯೋ ಇದ್ದ ನಾಲ್ಕು ಮನೆಗಳಿಗೂ ಚಾದಂಗಡಿಗೂ ಹೋಗಿ, ಏಳೂವರೆಗೆ ಹಚ್ಚಬೇಡಿ ಎಂದು ಕೇಳಿಕೊಂಡೆ. ಎಲ್ಲರೂ ಒಪ್ಪಿದರು. ಇಷ್ಟು ಸೂಕ್ಷ್ಮ ನಮಗೆ ಹೊಳೆಯಲಿಲ್ಲವೆಂದು ಒಬ್ಬರು ನನ್ನ ಕೈ ಹಿಡಿದುಕೊಂಡರು. ಚಾದಂಗಡಿಯವನು ಮಾತ್ರ ತಕ್ಷಣ ಹೂಂ ಅನ್ನಲಿಲ್ಲ. ಸುತ್ತಲಿನವರಿಗೆಲ್ಲ ಹೇಳಿಕಳಿಸಿ, ಇನ್ನೊಂದು ಬೆಂಚು ತರಿಸಿ ಹಾಕಿದ್ದ.

"ಅವರ ಹಾಡು ಅವರ ಓಣ್ಯಾಗ ಕೇಳಬಾರದೇನ್ರಿ?"

ಕಾಕೂಗೆ ಹೇಗಾದೀತು ವಿಚಾರ ಮಾಡಿ ಎಂದೆ. ಅವನು ಕೈಯಲ್ಲಿದ್ದ ಕಪ್ಪುಬಸಿ ಒರೆಸಿಟ್ಟ. "ಆತ್ರಿ ಅಕ್ಕಾರ" ಅಂದ.

ಏಳೂವರೆಯಿಂದ ಎಂಟರವರೆಗೆ ಓಣಿಯಲ್ಲಿ ಒಂದು ರೇಡಿಯೋದ ದನಿಯೂ ಇರಲಿಲ್ಲ. ಗೋಡೆಯ ಆಚೆ ಏನೋ ಭಾರವಾದದ್ದನ್ನು ಎಳೆದ ಸದ್ದು ಒಮ್ಮೆ ಬಂತು. ಆಮೇಲೆ ಅದೂ ಇಲ್ಲ. ನಾನು ಗಡಿಯಾರ ನೋಡುತ್ತ ಕೂತಿದ್ದೆ. ಎಂಟಾದಾಗ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ ನನಗಿತ್ತು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ಒಂದೂವರೆ ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಕಾಕಾ ಹೋದಮೇಲೆ ಮೊದಲ ಸಲ ಕಾಕೂ ನಮ್ಮ ಮನೆಗೆ ಬಂದರು. ಬರಿಗೈಯಲ್ಲಿ. ಅವ್ವ ಚಹಾ ಮಾಡಿದಳು. ರೇಡಿಯೋದಲ್ಲಿ ಕಾಕಾನಿಗೆ ತಬಲಾ ಸಾಥ್ ಕೊಡುತ್ತಿದ್ದವರು ಹಿಂದಿನ ದಿನ ಬಂದು ಹೋಗಿದ್ದರಂತೆ. ಆ ಟೇಪನ್ನು ಇನ್ನೊಮ್ಮೆ ಕೇಳಲು ಆದೀತೇ ಎಂದು ಕಾಕೂ ವಿಚಾರಿಸಿದರಂತೆ. ಆಗದು, ಅದರ ಮೇಲೆ ಈಗ ಬೇರೆಯವರ ಹಾಡು ತುಂಬಿದೆ, ಟೇಪಿಗೆ ಯಾವಾಗಲೂ ಕೊರತೆ, ಎಲ್ಲ ಕಡೆಯೂ ಹೀಗೇ ಮಾಡುತ್ತಾರೆ ಎಂದು ಅವರು ಹೇಳಿದರಂತೆ. ಇದನ್ನೆಲ್ಲ ಕಾಕೂ ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದರು. ಆಮೇಲೆ ಚಹಾದ ಬಸಿಯನ್ನು ಕೆಳಗಿಟ್ಟು ಅವ್ವನ ಕಡೆ ತಿರುಗಿದರು.

"ಅವತ್ತ ಟ್ರಂಕ ಸರಿಸಿ ಗ್ವಾಡಿಗೆ ಕಿವಿ ಹಚ್ಚಿ ಕುಂತಿದ್ದೆ, ವೈನಿ. ಹೆಂಗೂ ನೀವು ಹಚ್ಚತೀರಿ ಅಂದಕೊಂಡಿದ್ದೆ. ಸೂತಕದಾಗ ನಾನಾಗಿ ಹ್ಯಾಂಗ ಕೇಳಲಿ, ಹಚ್ರಿ ಅಂತ? ನಿಮ್ಮ ಮನ್ಯಾಗಿಂದ ಬರಲಿಲ್ಲ. ಚಾದಂಗಡಿಯಿಂದರ ಬಂದೀತು ಅಂತ ಮುಂಬಾಗಲಾ ತಗದೆ. ಒಬ್ಬರೂ ಹಚ್ಚಲಿಲ್ಲ. ಒಂಬತ್ತ ದಿನದಾಗ ಮರತರು."

ಅವ್ವ ನನ್ನ ಮುಖ ನೋಡಿದಳು. ಏನೋ ಹೇಳಹೊರಟು ನಿಲ್ಲಿಸಿದಳು. ಅದು ನಾನು ಹೇಳಬೇಕಾದ ಮಾತು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಎದ್ದು ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದೆ. ತೊಳೆದೆ. ಒರೆಸಿದೆ. ಹೊರಗೆ ಬಂದಾಗ ಕಾಕೂ ಹೋಗಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವರ ಬಾಗಿಲಿಗೆ ಹೋದೆ. ಕಾಕೂ ಒಲೆಯ ಮುಂದೆ ಕೂತಿದ್ದರು. ಜೋಡಿಸಿಟ್ಟುಕೊಂಡು ಬಂದಿದ್ದ ವಾಕ್ಯಗಳನ್ನು ಬಿಟ್ಟು ನೇರವಾಗಿ ಹೇಳಿದೆ.

"ಮಂದಿ ಮರತಿದ್ದಿಲ್ರಿ ಕಾಕೂ. ನಾನ ಮನಿ ಮನಿಗೆ ಹೋಗಿ, ಹಚ್ಚಬ್ಯಾಡ್ರಿ ಅಂತ ಹೇಳಿ ಬಂದೆ. ನಿಮಗ ತ್ರಾಸ ಆಗಬಾರದು ಅಂತ."

ಅವರು ಊದುಗೊಳವೆ ಕೆಳಗಿಟ್ಟರು. ಯಾರ ಯಾರ ಮನೆಗೆ ಹೋಗಿದ್ದೆ ಎಂದು ಕೇಳಿದರು. ಒಂದೊಂದಾಗಿ ಹೇಳಿದೆ. ಚಾದಂಗಡಿ ಎಂದಾಗ ತಲೆ ಎತ್ತಿದರು.

"ಅಂವಾ ಹಚ್ಚಾಂವ ಇದ್ದನೇನು?"

"ಹೂಂನ್ರಿ. ಮಂದಿಗೆಲ್ಲಾ ಹೇಳಿಕಳಿಸಿದ್ದ."

ಸೌದೆ ಆರುತ್ತ ಬಂದಿತ್ತು. ಹೊಗೆಗೋ ಏನೋ, ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನಾಕ ಹೆಜ್ಜಿ ಯವ್ವಾ," ಅಂದರು. "ಬಂದು ನನ್ನ ಒಂದ ಮಾತು ಕೇಳಬೇಕಿತ್ತು."

ಬೈಯಲಿಲ್ಲ. ಇರಲಿ ಎಂದೂ ಅನ್ನಲಿಲ್ಲ. ಒಲೆಯ ಕಡೆ ತಿರುಗಿ ಮತ್ತೆ ಊದತೊಡಗಿದರು. ಹೋಗಿ ಬರುತ್ತೇನೆ ಎಂದು ಹೇಳಿ ಹೊರಬಿದ್ದೆ.

ಲೈಬ್ರರಿಯ ಹಾದಿ ಹಿಡಿದವಳು ಚಾದಂಗಡಿಯ ಮುಂದೆ ನಿಂತೆ. ನೀವೇ ಒಮ್ಮೆ ಕಾಕೂನ ಮನೆಗೆ ಹೋಗಿ, ಅವತ್ತು ಬೆಂಚು ತರಿಸಿ ಹಾಕಿದ್ದನ್ನು ಹೇಳಿ ಬರಬೇಕು ಎಂದು ಅವನಿಗೆ ಹೇಳಿದೆ. ಯಾಕೆಂದು ಕೇಳಿದ. ಬೆಂಚಿನ ಮೇಲೆ ಗುರುತಿಲ್ಲದ ಮೂವರು ಗಂಡಸರು ಚಹಾ ಕುಡಿಯುತ್ತಿದ್ದರು. ಅವರು ಕೇಳುತ್ತಿರುವಂತೆಯೇ, ರಸ್ತೆಯಲ್ಲಿ ನಿಂತು, ಮೊದಲಿನಿಂದ ಎಲ್ಲವನ್ನೂ ಹೇಳಿದೆ.