ಅವ್ವನ ಎಡಗಡೆಯ ಗೋಡೆ

ನನ್ನ ಅವ್ವ ಲೋಟವನ್ನು ಗಾಳಿಯಲ್ಲಿ ಇಡುತ್ತಿದ್ದಳು. ತಮಾಷೆಗೆ ಹೇಳುತ್ತಿಲ್ಲ. ಹೈದರಾಬಾದಿನ ಮಿಯಾಪುರದ ನಮ್ಮ ಫ್ಲ್ಯಾಟಿನಲ್ಲಿ ಮಂಚದ ಮೇಲೆ ಕೂತು ನೀರು ಕುಡಿದು, ಮುಖವನ್ನೂ ತಿರುಗಿಸದೆ ಎಡಗೈ ಚಾಚಿ, ಗೋಡೆಯ ಪಕ್ಕದ ಖಾಲಿ ಜಾಗದಲ್ಲಿ ಲೋಟ ಇಟ್ಟು ಕೈ ಬಿಡುತ್ತಿದ್ದಳು. ಢಣ್ ಎಂದು ಬೀಳುತ್ತಿತ್ತು. ಕನ್ನಡಕವೂ ಹಾಗೆಯೇ, ಮಾತ್ರೆಯ ಡಬ್ಬಿಯೂ ಹಾಗೆಯೇ. ಬಿದ್ದದ್ದನ್ನು ನೋಡಿ ಅವಳಿಗೆ ಸಿಟ್ಟು ಬರುತ್ತಿತ್ತು, ಅದೂ ನನ್ನ ಮೇಲೆ.

“ಅಕ್ಕಾರ, ನಿಮ್ಮ ಮನ್ಯಾಗ ಸಾಮಾನ ಯಾಕ ನಿಲ್ಲಂಗಿಲ್ರೀ?”

ಅಕ್ಕಾರ ಎಂದರೆ ನಾನು, ಅವಳು ಹೆತ್ತ ಮಗಳು. ಮರೆವಿನ ಕಾಯಿಲೆ ಬಲಿತ ಮೇಲೆ ಅವ್ವ ನನ್ನನ್ನು ಮನೆಯ ಮಾಲಕಿ ಎಂದು ತಿಳಿದಿದ್ದಳು. ನಾನು ಕೋಣೆಗೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಊಟಕ್ಕೆ ಕರೆದರೆ, “ನಿಮಗ್ಯಾಕ ತ್ರಾಸರಿ, ನನ್ನ ಮಗಳು ಬರ್ತಾಳ, ಆಕಿ ಕೂಡ ಉಣ್ತೀನಿ” ಎನ್ನುತ್ತಿದ್ದಳು. ಆ ಮಗಳು ರೊಟ್ಟಿ ಹಿಡಿದು ಎದುರಿಗೇ ನಿಂತಿರುತ್ತಿದ್ದಳು! ನನಗೆ ಒಮ್ಮೊಮ್ಮೆ ಅಳು ಬರುತ್ತಿತ್ತು, ಹೆಚ್ಚು ಸಲ ಸಿಟ್ಟೇ ಬರುತ್ತಿತ್ತು. ಚಿಕ್ಕಂದಿನಲ್ಲಿ ಬೈದು ಬೈದು ಬೆಳೆಸಿದವಳು ಈಗ ಇಷ್ಟು ಮರ್ಯಾದೆ ಕೊಟ್ಟರೆ ಹೇಗೆ ತಡೆದುಕೊಳ್ಳಬೇಕು? ಸಾಯುವುದರೊಳಗೆ ಒಮ್ಮೆಯಾದರೂ ನನ್ನ ಗುರುತು ಹಿಡಿದು ಒಂದು ಬೈಗುಳ ಬೈದರೆ ಸಾಕು ಎನ್ನಿಸುತ್ತಿತ್ತು.

ನೌಕರಿ ಇರುವತನಕ ಲೋಟ ಬೀಳುವ ಸದ್ದು ನನಗೆ ಬೆಳಿಗ್ಗೆ ಸಂಜೆ ಮಾತ್ರ ಕೇಳುತ್ತಿತ್ತು. ನಿವೃತ್ತಿಯಾದ ಮೇಲೆ ಇಡೀ ದಿನ ಕೇಳತೊಡಗಿತು. ಸುಮ್ಮನೆ ಕೂರುವ ಜಾಯಮಾನವೂ ನನ್ನದಲ್ಲ. ನನ್ನ ಜತೆಗೆ ನಿವೃತ್ತರಾದ ಗೆಳತಿಯರು ಚಿನ್ನದ ಬಳೆ ಕೊಂಡರು. ನಾನು ಡ್ರಿಲ್ ಮಷೀನು, ಸುತ್ತಿಗೆ, ಉಳಿ ಕೊಂಡೆ. ಕಸೂತಿ, ಕ್ರೋಶಾ, ಹಗ್ಗದ ಗಂಟಿನ ಅಲಂಕಾರ, ಮರದ ಕೆಲಸ, ಕಂಡದ್ದನ್ನೆಲ್ಲ ಕಲಿಯಲು ಹೊರಟೆ. ಮನೆಯಲ್ಲಿ ಏನೇ ನೇತಾಡುತ್ತಿದ್ದರೂ ಅದು ನಾನು ಮಾಡಿದ್ದು. ಯಜಮಾನರು ತಲೆ ತಗ್ಗಿಸಿ ಓಡಾಡುವುದನ್ನು ರೂಢಿ ಮಾಡಿಕೊಂಡರು.

ಅವ್ವನ ಲೋಟಕ್ಕೂ ಒಂದು ಗತಿ ಕಾಣಿಸಬೇಕೆಂದು ಮೊದಲು ಮಂಚದ ಪಕ್ಕ ಸಣ್ಣ ಟೇಬಲ್ಲು ಇಟ್ಟೆ. “ಅದು ಅಕ್ಕಾರ್ದು” ಎಂದು ಅವ್ವ ಮುಟ್ಟಲಿಲ್ಲ. ಕನ್ನಡಕಕ್ಕೆಂದು ಕ್ರೋಶಾದ ಚೀಲ ಹೆಣೆದು ಗೋಡೆಗೆ ನೇತುಹಾಕಿದೆ. ಅದರೊಳಕ್ಕೆ ನೀರು ಸುರಿದಳು. ಹಲಗೆಯೊಂದನ್ನು ಗೋಡೆಗೆ ಬಡಿದೆ. ಎದ್ದು ನಿಲ್ಲುವಾಗ ಅದಕ್ಕೆ ತಲೆ ಬಡಿಸಿಕೊಂಡು, ಹಲಗೆಗೆ ಕೈಮುಗಿದು, “ತಪ್ಪಾತ್ರಿ” ಎಂದಳು. ಹಲಗೆಯನ್ನು ಕಿತ್ತೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಇದೇ ಇರಬೇಕು.

ಒಂದು ಬೆಳಿಗ್ಗೆ ಅವ್ವ ಗಾಳಿಯಲ್ಲಿ ಲೋಟ ಇಡುವುದನ್ನೇ ನೋಡುತ್ತ ಕೂತಿದ್ದೆ. ಕೈ ಮೊದಲು ಸ್ವಲ್ಪ ಮೇಲೆ ಹೋಗಿ, ಆಮೇಲೆ ಒಳಕ್ಕೆ ಹೋಗುತ್ತಿತ್ತು. ಆ ಒಳಕ್ಕೆ ಹೋಗುವುದನ್ನು ಕಂಡಾಗ ಥಟ್ಟನೆ ಹೊಳೆಯಿತು. ಅವ್ವ ಮಿಯಾಪುರದಲ್ಲಿ ಕೂತೇ ಇರಲಿಲ್ಲ. ಸೇಡಂ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಕೂತಿದ್ದಳು. ಅಲ್ಲಿ ಅವಳು ಮಲಗುತ್ತಿದ್ದ ಜಾಗದ ಎಡಕ್ಕೆ, ಕಲ್ಲಿನ ಗೋಡೆಯೊಳಗೇ ಬಿಟ್ಟ ಒಂದು ಗೂಡು ಇತ್ತು. ಅದಕ್ಕೆ ನಮ್ಮ ಕಡೆ ಮಾಡ ಎನ್ನುತ್ತಾರೆ. ಮಾಡದಲ್ಲಿ ದೀಪ, ಲೋಟ, ಎಲೆ ಅಡಿಕೆ, ದೀಪದ ಹಿಂದೆ ಒಂದು ಬೆಲ್ಲದ ಹೆಂಟೆ. ಆ ಬೆಲ್ಲ ನಾನು ಕದಿಯಲೆಂದೇ ಇತ್ತು ಎಂದು ನನ್ನ ನಂಬಿಕೆ. ಕದ್ದ ಕೂಡಲೇ ಅವ್ವ ಬಂದು, ದವಡೆ ಹಿಡಿದು, “ಬಾಯಿ ತೆರಿ” ಎನ್ನುತ್ತಿದ್ದಳು. ಮೂಸಿ ನೋಡಿ, “ಕಳ್ಳೀ!” ಎಂದು ಬೆನ್ನಿಗೊಂದು ಗುದ್ದುತ್ತಿದ್ದಳು. ಮರುದಿನ ಅಲ್ಲಿಯೇ ಬೆಲ್ಲ ಇಡುತ್ತಿದ್ದಳು.

ಸರಿ, ಗೋಡೆಯಲ್ಲಿ ಮಾಡ ಕೊರೆಯುವುದೆಂದು ತೀರ್ಮಾನಿಸಿದೆ.

“ನಿವೃತ್ತಿ ಆದವ್ರು ಕಾಶಿ, ರಾಮೇಶ್ವರ ಅಂತ ಹೋಗ್ತಾರ. ನೀ ಏನ್ ಗ್ವಾಡಿ ಒಡಿಯಾಕ ಹೊಂಟಿ?” ಎಂದರು ಯಜಮಾನರು.

“ನೀವು ಪೇಪರ್ ಓದ್ರಿ” ಎಂದೆ.

ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿ, ಪೆನ್ಸಿಲ್ಲಿನಿಂದ ಗೋಡೆಯ ಮೇಲೆ ಚೌಕ ಬರೆದು, ಉಳಿ ಇಟ್ಟು ಬಡಿಯತೊಡಗಿದೆ. ನಾನು ಹುಟ್ಟಿ ಬೆಳೆದ ಸೀಮೆಯಲ್ಲಿ ಗೋಡೆ ಎಂದರೆ ಮೊಣಕೈತನಕ ಕೈ ಹಾಕಿದರೂ ಇನ್ನೂ ಅಷ್ಟೇ ಗೋಡೆ ಉಳಿದಿರಬೇಕು. ಇಷ್ಟು ವರ್ಷ ಹೈದರಾಬಾದಿನಲ್ಲಿ ಬಾಳಿದರೂ ನನ್ನ ತಲೆಯಲ್ಲಿದ್ದದ್ದು ಅದೇ ಗೋಡೆ. ಬಿಲ್ಡರ್ ಪುಣ್ಯಾತ್ಮ ಎರಡು ಫ್ಲ್ಯಾಟುಗಳ ನಡುವೆ ಒಂದೇ ಒಂದು ತೆಳ್ಳನೆಯ ಇಟ್ಟಿಗೆಯ ಸಾಲು ಕಟ್ಟಿ ಮೇಲೆ ಸಿಮೆಂಟಿನ ಗಿಲಾಯಿ ಬಳಿದಿದ್ದಾನೆಂದು ಯಾರಿಗೆ ಗೊತ್ತು? ಅರ್ಧ ಮುಗಿಯಿತು ಎಂದುಕೊಂಡು ಒಂದು ಜೋರು ಏಟು ಹಾಕಿದೆ. ಉಳಿ ಸರಕ್ಕನೆ ಒಳಗೆ ಹೋಯಿತು. ಇಟ್ಟಿಗೆಯೂ ಅದರ ಹಿಂದೆಯೇ ಹೋಯಿತು. ಆ ಕಡೆಯಿಂದ ಊದುಬತ್ತಿಯ ಹೊಗೆ ಬಂತು.

ಬಗ್ಗಿ ನೋಡಿದೆ. ಪಕ್ಕದ ಫ್ಲ್ಯಾಟಿನ ಹಿರಿಯರು ನನಗೇ ಕೈಮುಗಿದು, ಕಣ್ಣುಮುಚ್ಚಿ ನಿಂತಿದ್ದರು. ಅಯ್ಯ ಶಿವನೇ! ನಾನು ಒಡೆದದ್ದು ಅವರ ದೇವರ ಮನೆಯ ಗೋಡೆ. ವೆಂಕಟರಮಣನ ಫೋಟೋಕ್ಕೂ ಲಕ್ಷ್ಮಿಯ ಫೋಟೋಕ್ಕೂ ನಡುವೆ ಸರಿಯಾಗಿ ನನ್ನ ಮುಖ ಇತ್ತು, ಮೈತುಂಬ ಸಿಮೆಂಟಿನ ಧೂಳು. ಅವರು ಕಣ್ಣು ತೆರೆದರು. ಮುಗಿದ ಕೈ ಹಾಗೆಯೇ ಇತ್ತು.

“ಅಮ್ಮಾ, ಇದೇಮಿಟಂಡಿ?” ಎಂದರು.

ಇದೇನು ಎಂದು ಕೇಳಿದರೆ ಏನೆಂದು ಹೇಳಲಿ? “ಮಾಡ” ಎಂದೆ.

ಅವರು ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಲಿಫ್ಟಿನಲ್ಲಿ ಸಿಕ್ಕರೆ ತೆಲುಗಿನಲ್ಲಿ ನಮಸ್ಕಾರ, ಅಷ್ಟೇ ಪರಿಚಯ. ತುಸು ಹೊತ್ತಿಗೆ ನಮ್ಮ ಮನೆಯ ಬೆಲ್ ಸದ್ದಾಯಿತು. ಜಗಳಕ್ಕೇ ಬಂದರು ಎಂದುಕೊಂಡು ಬಾಗಿಲು ತೆರೆದೆ. ತೆಲುಗು, ಹಿಂದಿ ಎರಡನ್ನೂ ಕಲಸಿ ಕ್ಷಮೆ ಕೇಳತೊಡಗಿದೆ. ಅಷ್ಟರಲ್ಲಿ ಅವ್ವ ಪಡಸಾಲೆಯಿಂದ ಎದ್ದು ತನ್ನ ಕೋಣೆಗೆ ನಡೆದಳು. ನಾವೂ ಹಿಂದೆಯೇ ಹೋದೆವು. ಮಂಚದ ಮೇಲೆ ಕೂತು, ಇದ್ದ ನೀರು ಕುಡಿದು, ಎಡಗೈ ಚಾಚಿ ಲೋಟ ಇಟ್ಟಳು. ನಿಂತಿತು! ಇಷ್ಟು ದಿನದಲ್ಲಿ ಮೊದಲ ಸಲ ಲೋಟ ನಿಂತಿತು. ಅವ್ವ ಆ ಹಿರಿಯರ ಕಡೆ ತಿರುಗಿ, “ಈಗ ಬರೋಬರಿ ಆತು ನೋಡ್ರಿ” ಎಂದಳು.

ಅವರಿಗೆ ಕನ್ನಡ ಬಾರದು. ಲೋಟ ನೋಡಿದರು, ಅವ್ವನನ್ನು ನೋಡಿದರು, ನಾನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿದರು. ಮನೆಗೆ ಹೋಗಿ, ತಮ್ಮ ಕಡೆಯಿಂದ ಆ ಕಿಂಡಿಗೆ ದೇವರ ಚಿತ್ರದ ಕ್ಯಾಲೆಂಡರ್ ನೇತುಹಾಕಿದರು. ಗೋಡೆ ಕಟ್ಟಿಸುವ ಮಾತು ನಾನೇ ಎತ್ತಿದಾಗಲೂ ಬೇಡ ಎಂದು ಕೈಯಾಡಿಸಿದರು.

ಮಾಡವೇನೋ ಆಯಿತು. ಆದರೂ ನಾನು ಅಕ್ಕಾರೇ ಆಗಿದ್ದೆ. ಅವ್ವ ಮಾತ್ರ ಖುಷಿಯಾಗಿದ್ದಳು. ಒಂದು ದಿನ ಅಡುಗೆಮನೆಗೆ ಬಂದು, “ಅಕ್ಕಾರ, ಒಂದೀಟು ಬೆಲ್ಲ ಕೊಡ್ರಿ, ನನ್ನ ಮಗಳಿಗೆ ಇಡಬೇಕು” ಎಂದಳು. ಕೊಟ್ಟೆ. ಲೋಟದ ಹಿಂದೆ, ಮಾಡದ ತೀರ ಒಳಕ್ಕೆ ಇಟ್ಟಳು. ಮರುದಿನ ಬೆಲ್ಲ ಇರಲಿಲ್ಲ.

ಅವ್ವ ಮಾಡದಲ್ಲಿ ಕೈಯಾಡಿಸಿದಳು. ಹೊರಳಿ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಎದ್ದು ಬಂದು ನನ್ನ ದವಡೆ ಹಿಡಿದು, “ಬಾಯಿ ತೆರಿ” ಎಂದಳು.

ನಾನು ಬಾಯಿ ತೆರೆದೆ. ಅವ್ವ ಮೂಸಿದಳು. ಮತ್ತೊಮ್ಮೆ ಮೂಸಿದಳು. ನನ್ನ ಬಾಯಲ್ಲಿ ಬೆಲ್ಲ ಎಲ್ಲಿ? ಶುಗರ್ ಕಾಯಿಲೆಯವಳು ನಾನು, ಬೆಲ್ಲ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವ್ವನ ಕೈ ಸಡಿಲವಾಯಿತು. ಸೆರಗು ಸರಿಮಾಡಿಕೊಂಡು ಹಿಂದೆ ಸರಿದು, “ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ನನ್ನ ಮಗಳು ಅಂತ ಮಾಡಿದ್ನಿ” ಎಂದಳು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಬೆಲ್ಲ ತಿಂದವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಜಮಾನರನ್ನು ಕೇಳಿದೆ, ದೇವರಾಣೆ ತಾನಲ್ಲ ಎಂದರು. ಇನ್ನು ಉಳಿದವರು ಒಬ್ಬರೇ. ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ.

ಹಿರಿಯರು ಒಪ್ಪಿಕೊಳ್ಳಲು ಒಂದು ಗಳಿಗೆಯೂ ತಡಮಾಡಲಿಲ್ಲ. ಬೆಳಿಗ್ಗೆ ಪೂಜೆಗೆ ನಿಂತಾಗ ಕ್ಯಾಲೆಂಡರಿನ ಅಡಿಯಿಂದ ಬೆಲ್ಲ ಇಣುಕುತ್ತಿತ್ತಂತೆ. “ದೇವುಡೇ ಇಚ್ಚಾಡು ಅನುಕುನ್ನಾನಮ್ಮಾ” ಎಂದರು. ದೇವರೇ ಕೊಟ್ಟನೆಂದು ಕಣ್ಣಿಗೊತ್ತಿಕೊಂಡು ತಿಂದಿದ್ದರು. ಅವ್ವನ ಕಥೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡರು. ನಾಳೆಯಿಂದ ಮುಟ್ಟುವುದಿಲ್ಲ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯ ಪೂಜಾರಿ ನಾನೇ ಆದೆ ಎನ್ನಿಸಿ, ಅವರಿಗೆಂದು ಬೇರೆ ಒಂದು ಬೆಲ್ಲದ ಅಚ್ಚು ಕೊಟ್ಟೆ. ಬೇಡ ಎಂದರು. ಬಾಗಿಲಿನಿಂದ ಬಂದ ಬೆಲ್ಲ ಅವರಿಗೆ ಬೇಕಿರಲಿಲ್ಲ.

ಮರುದಿನ ಅವ್ವ ಮತ್ತೆ ಬೆಲ್ಲ ಕೇಳಿದಳು, ಮತ್ತೆ ಮಾಡದಲ್ಲಿ ಇಟ್ಟಳು. ಅವಳು ಮುಖ ತೊಳೆಯಲು ಹೋದಾಗ ನಾನು ಬೆಕ್ಕಿನ ಹೆಜ್ಜೆಯಲ್ಲಿ ಕೋಣೆಗೆ ಹೋದೆ. ಅರವತ್ತು ದಾಟಿದ ಹೆಂಗಸು, ಪಿಂಚಣಿ ತೆಗೆದುಕೊಳ್ಳುವವಳು, ಮಂಚದ ಮೇಲೆ ಮೊಣಕಾಲೂರಿ ಮಾಡದೊಳಗೆ ಕೈ ಹಾಕಿದೆ. ಬಾಗಿಲಲ್ಲಿ ಯಜಮಾನರು ನಿಂತಿದ್ದರು.

“ಏ, ಏನ್ ಮಾಡಾಕತ್ತೀ? ಶುಗರ್ ಏರತೈತಿ!”

“ಏರ್ಲಿ. ಬಾಯಿ ಮುಚ್ರಿ” ಎಂದು ಇಡೀ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ.

ಕ್ಯಾಲೆಂಡರಿನ ಆ ಕಡೆ ಘಂಟೆಯ ಸದ್ದು ನಡುವೆ ನಿಂತಿತು. ಅವರೂ ಕಿವಿಗೊಟ್ಟು ಕೇಳುತ್ತಿದ್ದರು ಎಂದು ಕಾಣುತ್ತದೆ.

ಅವ್ವ ಬಂದಳು. ಮಾಡದಲ್ಲಿ ಕೈಯಾಡಿಸಿದಳು. ಹೊರಳಿದಳು. ನನ್ನ ದವಡೆ ಹಿಡಿದ ಕೈ ಇನ್ನೂ ಒದ್ದೆ ಇತ್ತು.

“ಬಾಯಿ ತೆರಿ.”

ತೆರೆದೆ. ಮೂಸಿದಳು. ಬೆನ್ನ ಮೇಲೆ ಗುದ್ದು ಬಿತ್ತು. ಆ ವಯಸ್ಸಿಗೆ ಅಷ್ಟು ಬಲ ಎಲ್ಲಿಂದ ಬಂತೋ ಶಿವನಿಗೇ ಗೊತ್ತು, ಉಸಿರೇ ಸಿಕ್ಕಿಕೊಂಡಿತು.

“ಕಳ್ಳೀ! ಎಲ್ಲಿ ಹೋಗಿದ್ದಿ ಇಷ್ಟು ದಿನ?” ಎಂದಳು ಅವ್ವ. “ಅಕ್ಕಾರ ಮನ್ಯಾಗ ಒಬ್ಬಾಕಿನ ಬಿಟ್ಟು?”