ಬಿಗಿಯದ ಬೋಲ್ಟಿನ ಮೇಲೊಂದು ಗೆರೆ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗೆರೆಯಪ್ಪ ಎಂದು. ಹೆತ್ತವರು ಇಟ್ಟ ಹೆಸರು ಪಂಪು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆಂಟು ವರ್ಷ ಅಲ್ಲಿ ಫಿಟ್ಟರ್ ಆಗಿ ದುಡಿದವನು. ಅವನು ಕೈಯಿಟ್ಟ ಕೆಲಸವನ್ನು ಇನ್ನೊಬ್ಬರು ತಿರುಗಿ ನೋಡಬೇಕಿಲ್ಲ ಎಂದು ಹೆಸರು ಗಳಿಸಿದ್ದ. ಹೆಸರು ಗಳಿಸುವುದು ಕಷ್ಟ, ಗಳಿಸಿದ್ದನ್ನು ಹೊತ್ತು ತಿರುಗುವುದು ಇನ್ನೂ ಕಷ್ಟ ಎನ್ನುವುದು ಅವನಿಗೆ ಐವತ್ತು ದಾಟಿದ ಮೇಲೆ ತಿಳಿಯಿತು.

ಅಡ್ಡಹೆಸರು ಬಂದದ್ದು ಕಾರಿನಿಂದ. ಅವನು, ಅವನ ಅಕ್ಕನ ಗಂಡ ಮತ್ತು ಬೀದಿಯ ತುದಿಯ ದರ್ಜಿ, ಈ ಮೂವರೂ ಸೇರಿ ಅಕ್ಕನ ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ವರ್ಷ ಒಂದು ಕಾರು ಕಟ್ಟಿದರು. ಪೇಟೆಗೆ ಹೋಗಿ ತರಕಾರಿ ತರುವ ಕಾರಲ್ಲ. ನೆಟ್ಟಗೆ ಓಡಿ, ಎಷ್ಟು ವೇಗ ಎಂದು ಅಳೆಸಿಕೊಂಡು, ನಿಲ್ಲುವುದಕ್ಕೆ ಮಾತ್ರ ಹುಟ್ಟಿದ ಕಾರು. ಉಪ್ಪುನೀರಿನ ದೊಡ್ಡ ಕೆರೆಯೊಂದು ಬೇಸಿಗೆಯಲ್ಲಿ ಬತ್ತಿ, ಉಪ್ಪು ಹೆಪ್ಪುಗಟ್ಟಿ, ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಚಪ್ಪಟೆಯಾದಾಗ ಇಂಥ ಹುಚ್ಚರೆಲ್ಲ ಅಲ್ಲಿ ಡೇರೆ ಹಾಕುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಪೈಪೋಟಿ ಪಕ್ಕದವನ ಜೊತೆಯಲ್ಲ, ಗಡಿಯಾರದ ಜೊತೆ. ಗೆದ್ದವರಿಗೆ ವೇಗ ಬರೆದ ಒಂದು ಚೀಟಿ ಕೊಡುತ್ತಾರೆ.

"ಆರು ವರ್ಷ ಊಟ ನಿದ್ದೆ ಬಿಟ್ಟಿದ್ದು ಅಂಗೈಯಗಲ ಚೀಟಿಗಾ?" ಎಂದು ಅಕ್ಕ ನಕ್ಕಿದ್ದಳು.

ಇಪ್ಪತ್ತೆರಡು ಅಡಿ ಉದ್ದ, ಮಂಚದಷ್ಟು ಅಗಲ, ಮೂತಿ ಚೂಪು, ಮೈಯೆಲ್ಲ ಬಿಳಿ. ಅಕ್ಕ ಅದಕ್ಕೆ ಮೂಲಂಗಿ ಎಂದು ಹೆಸರಿಟ್ಟಳು, ಅದೇ ನಿಂತಿತು. ಉಪ್ಪಿನ ಮೇಲೆ ಚಕ್ರ ಜಾರದಿರಲಿ ಎಂದು ಮೂಲಂಗಿಯ ಹೊಟ್ಟೆಗೆ ಇವರು ಸೀಸದ ಗಟ್ಟಿಗಳನ್ನು ತುಂಬುವಾಗಲೂ ಅವಳು ಬಾಗಿಲಲ್ಲಿ ನಿಂತಿದ್ದಳು. "ಬೇಗ ಓಡಲಿ ಅಂತ ಭಾರ ಹೇರೋದನ್ನ ನಿಮ್ಮಲ್ಲೇ ನೋಡಿದ್ದು. ಹಾಗಾದ್ರೆ ನಾನೂ ಓಡ್ತೀನಿ ಬಿಡಿ."

ಇನ್ನು ಗೆರೆಯ ಮಾತು. ಮುಖ್ಯವಾದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಬಿಗಿತ ಸಾಕಾದಾಗ ಆ ರೆಂಚು ಟಕ್ ಎನ್ನುತ್ತದೆ. ಟಕ್ ಎಂದ ಮೇಲೆ, ಬಿಗಿದವನೇ, ನಟ್ಟು ಬೋಲ್ಟು ಎರಡಕ್ಕೂ ತಾಗುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆಯಬೇಕು. ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿದು ಕಾಣುತ್ತದೆ. ಗೆರೆ ಇರುವ ಕಡೆ ಇನ್ನೊಬ್ಬರು ರೆಂಚು ಇಡುವುದಿಲ್ಲ. ಇಟ್ಟರೆ ಬಿಗಿದವನ ಮುಖಕ್ಕೆ ಉಗುಳಿದ ಹಾಗೆ. ಇವನ ಗೆರೆಗಳೋ, ಅಚ್ಚು ಹಾಕಿದಂತಿರುತ್ತಿದ್ದವು. "ಬ್ರಹ್ಮ ಬರೆದದ್ದಾದ್ರೂ ತಪ್ಪೀತು, ಇವನು ಎಳೆದದ್ದು ತಪ್ಪಲ್ಲ" ಎಂದು ಗೆರೆಯಪ್ಪನ ಪಟ್ಟ ಕಟ್ಟಿದವನು ದರ್ಜಿಯೇ.

ಮೂರು ವರ್ಷದ ಹಿಂದಿನ ಆ ಬೆಳಿಗ್ಗೆ ಮೂಲಂಗಿ ಸರದಿಯಲ್ಲಿ ನಿಂತಿತ್ತು. ಓಡಿಸುವವರು ಭಾವ. ಅವರು ಶಾಲೆಯ ಬಸ್ಸಿನ ಡ್ರೈವರು, ಇಪ್ಪತ್ತು ವರ್ಷದಲ್ಲಿ ಒಂದು ಬೆಕ್ಕಿಗೂ ಬಸ್ಸು ತಾಗಿಸಿದವರಲ್ಲ. ಅಷ್ಟು ವೇಗದಲ್ಲಿ ಬ್ರೇಕು ನೆಚ್ಚಿಕೊಳ್ಳುವ ಹಾಗಿಲ್ಲ. ಕಾರನ್ನು ನಿಲ್ಲಿಸುವುದು ಬಾಲದಲ್ಲಿ ಮಡಚಿಟ್ಟ ಪ್ಯಾರಾಚೂಟು. ಹೊಲಿದವನು ದರ್ಜಿ. ಅದನ್ನು ಕಾರಿಗೆ ಹಿಡಿದಿಡುವ ಕಬ್ಬಿಣದ ತಟ್ಟೆಗೆ ನಾಲ್ಕು ಬೋಲ್ಟು. ಬಿಗಿಯಬೇಕಾದವನು ಗೆರೆಯಪ್ಪ.

ಎರಡನ್ನು ಬಿಗಿದಿದ್ದ. ಟಕ್, ಟಕ್. ಅಷ್ಟರಲ್ಲಿ ಪಕ್ಕದ ಡೇರೆಯವರು ಓಡಿ ಬಂದು, "ಅಣ್ಣಾ, ಎರಡೇ ನಿಮಿಷ" ಎಂದು ರೆಂಚು ಕೇಳಿದರು. ಆ ಬಯಲಿನಲ್ಲಿ ಕೇಳಿದ ಉಪಕರಣವನ್ನು ಯಾರೂ ಇಲ್ಲ ಎನ್ನುವುದಿಲ್ಲ. ಕೊಟ್ಟ. ಉಳಿದ ಎರಡು ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿದ. ಬಿಸಿಲಿಗೆ, ಉಪ್ಪಿನ ಗಾಳಿಗೆ ಕುಂಚದ ಬಣ್ಣ ಒಣಗಿ ಬರುತ್ತಿತ್ತು. ರೆಂಚು ಬಂದ ಮೇಲೆ ಹೇಗೂ ಬಿಗಿಯುವುದೇ ಅಲ್ಲವೇ ಎಂದುಕೊಂಡು ನಾಲ್ಕಕ್ಕೂ ಗೆರೆ ಎಳೆದುಬಿಟ್ಟ. ರೆಂಚೂ ಬಂತು, ಅದರ ಬೆನ್ನಿಗೇ "ಮೂಲಂಗಿ, ಮುಂದೆ ಬನ್ನಿ" ಎಂಬ ಕೂಗೂ ಬಂತು. ಬಾಲದ ತಗಡು ಮುಚ್ಚುವ ಮುನ್ನ ಒಮ್ಮೆ ಬಗ್ಗಿ ನೋಡಿದ. ನಾಲ್ಕು ಹಳದಿ ಗೆರೆ, ಒಂದೂ ಮುರಿದಿಲ್ಲ. ಊರೆಲ್ಲ ನಂಬುತ್ತಿದ್ದ ಗೆರೆಯನ್ನು ಅವನೂ ನಂಬಿದ.

ಅಳತೆಯ ದಾರಿ ದಾಟಿದ ಮೇಲೆ ಬಾಲದಿಂದ ಪ್ಯಾರಾಚೂಟು ಬಿಚ್ಚಿಕೊಂಡದ್ದು ದುರ್ಬೀನಿನಲ್ಲಿ ಕಂಡಿತು. ಮರುಕ್ಷಣ ಅದೊಂದೇ ಹಿಂದೆ ಬಿತ್ತು, ಕಾರು ಮುಂದೆ ಹೋಯಿತು. ಗುರುತು ಹಾಕಿದ ದಾರಿ ಮುಗಿದು, ಉಪ್ಪಿನ ಕೆಳಗೆ ಕೆಸರಿರುವ ಕಡೆ ನುಗ್ಗಿ, ಎರಡು ಪಲ್ಟಿ ಹೊಡೆಯಿತು.

ಭಾವ ಬದುಕಿದರು. ಹೆಗಲೆಲುಬು ಮುರಿದಿತ್ತು, ಎಡಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಆಂಬುಲೆನ್ಸು ಹೊರಟ ಮೇಲೆ ಗೆರೆಯಪ್ಪ ಒಬ್ಬನೇ ಮಗುಚಿದ ಮೂಲಂಗಿಯ ಬಾಲಕ್ಕೆ ಕೈ ಹಾಕಿದ. ತಳದ ತಗಡಿನಲ್ಲಿ ಎರಡು ಬೋಲ್ಟು, ಎರಡು ನಟ್ಟು ಬಿದ್ದಿದ್ದವು. ಇಡಿ ಇಡಿಯಾಗಿ, ತಿರುಪಿನ ಸುತ್ತು ಒಂದೂ ಸವೆಯದೆ, ಅಂಗಡಿಯಿಂದ ತಂದ ಹಾಗೆ. ಒಂದೊಂದರ ಮೇಲೂ ಅರ್ಧ ಅರ್ಧ ಹಳದಿ ಗೆರೆ. ಬಿಗಿಯದೆ ಬಿಟ್ಟ ಎರಡು ಇವೇ ಎಂದು ಅವನಿಗೆ ಅರ್ಥವಾಯಿತು. ಸುತ್ತ ಒಮ್ಮೆ ನೋಡಿ ಅವನ್ನು ಜೇಬಿಗೆ ಹಾಕಿದ. ಬಿಗಿಯದೆ ಬಿಟ್ಟದ್ದು ಮರೆವು. ಜೇಬಿಗೆ ಹಾಕಿದ್ದು ಮರೆವಲ್ಲ.

ಉಳಿದವರಿಗೆ ಸಿಕ್ಕಿದ್ದು ತಟ್ಟೆ ಮತ್ತು ಅದರಲ್ಲಿ ತುಂಡಾಗಿದ್ದ ಎರಡು ಬೋಲ್ಟು. ಮಿಕ್ಕೆರಡು ಉಪ್ಪಿನಲ್ಲಿ ಎಲ್ಲೋ ಹೋದವು ಎಂದುಕೊಂಡರು. ಬೋಲ್ಟು ತುಂಡಾಗಬೇಕಾದರೆ ಎಳೆತ ವಿಪರೀತ ಇದ್ದಿರಬೇಕು. ಎಳೆತ ವಿಪರೀತ ಆಗಬೇಕಾದರೆ ಭಾವ ಅವಸರ ಮಾಡಿರಬೇಕು. ನಿಯಮ ಸರಳ: ಆಕ್ಸಿಲರೇಟರಿನಿಂದ ಕಾಲು ತೆಗೆ, ವೇಗ ಇಳಿಯಲು ಮೂರು ಎಣಿಸು, ಆಮೇಲೆ ಪ್ಯಾರಾಚೂಟಿನ ಸನ್ನೆಗೋಲು ಎಳೆ. ಗೆರೆಯಪ್ಪ ಬಿಗಿದದ್ದರಲ್ಲಿ ತಪ್ಪಿರುವ ಹಾಗಿಲ್ಲ. ಹಾಗಾಗಿ ಭಾವ ಎಣಿಸಿಲ್ಲ.

"ಎಣಿಸಿದ್ರಾ?" ಎಂದು ದರ್ಜಿ ಆಸ್ಪತ್ರೆಯಲ್ಲಿ ಮೆಲ್ಲಗೆ ಕೇಳಿದ.

ಭಾವ ಕಣ್ಣು ಮುಚ್ಚಿ ಯೋಚಿಸಿದರು. ತಲೆಗೆ ಪೆಟ್ಟು ಬಿದ್ದಿತ್ತು. "ನೆನಪೇ ಇಲ್ಲಪ್ಪ. ಹೆದರಿ ಎಳೆದುಬಿಟ್ಟೆ ಅನ್ಸುತ್ತೆ."

ಗೆರೆಯಪ್ಪ ಮಂಚದ ಕಾಲಬಳಿ ನಿಂತಿದ್ದ. ಜೇಬಿನಲ್ಲಿ ಬೋಲ್ಟುಗಳಿದ್ದವು. ಬಾಯಲ್ಲಿ ನಾಲಿಗೆಯೂ ಇತ್ತು.

ಕೈ ಬಸ್ಸು ಓಡಿಸುವಷ್ಟು ಸರಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟರೂ ಭಾವ ಬಸ್ಸು ಹತ್ತಲಿಲ್ಲ. "ಹೆದರಿಕೊಂಡು ಎಳೆಯೋ ಕೈಗೆ ಐವತ್ತು ಮಕ್ಕಳನ್ನ ಕೊಡಬಾರದು" ಎಂದು ತಾವೇ ಹೇಳಿ, ಬಸ್ಸುಗಳ ಶೆಡ್ಡಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡರು. ಯಾವ ಬಸ್ಸು ಯಾವಾಗ ಹೋಯಿತು, ಬಂತು ಎಂದು ಬರೆಯುವ ಕೆಲಸ. ಅವರಿಗೊಂದು ಅಭ್ಯಾಸ ಅಂಟಿಕೊಂಡಿತು. ಬಾಗಿಲು ತೆರೆಯುವ ಮುಂಚೆ, ನಲ್ಲಿ ತಿರುಗಿಸುವ ಮುಂಚೆ, ತುಟಿಯಲ್ಲೇ ಒಂದು, ಎರಡು, ಮೂರು. ನಿದ್ದೆಯಲ್ಲೂ ಬಿಡಲಿಲ್ಲ.

ಗೆರೆಯಪ್ಪನಿಗೆ ಹೆಂಡತಿ ಮಕ್ಕಳಿಲ್ಲ. ಭಾವನಿಗೆ ಸ್ನಾನ ಮಾಡಿಸಬೇಕು, ಎತ್ತಿ ಕೂರಿಸಬೇಕು ಎಂದು ಅಕ್ಕನ ಮನೆಗೇ ಬಂದು, ಪಕ್ಕದ ಕೋಣೆಯಲ್ಲಿ ಉಳಿದುಬಿಟ್ಟ. ನೆರೆಯವರು ಹೊಗಳಿದ್ದೇ ಹೊಗಳಿದ್ದು. ತಾಯಿ ಹೋದಾಗ ಅವನು ಆರು ವರ್ಷದವನು; ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಮೊದಲ ಸ್ಪ್ಯಾನರು ಕೈಗಿತ್ತವರು ಭಾವ. "ಸಾಕಿದ್ದನ್ನ ಸಾರ್ಥಕ ಮಾಡಿದ ನೋಡಿ" ಎಂದು ಅಕ್ಕ ಬಂದವರೆದುರು ಹೇಳಿ, ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸುತ್ತಿದ್ದಳು. ಅವನು ತಲೆ ಎತ್ತದೆ ಅದನ್ನೂ ಉಣ್ಣುತ್ತಿದ್ದ.

ಹೇಳಬೇಕೆಂದು ಹೊರಡದ ವಾರವಿಲ್ಲ. ಹೊಲಿಗೆ ಬಿಚ್ಚಲಿ, ಆಮೇಲೆ. ಹೆಗಲು ಕೂಡಲಿ, ಆಮೇಲೆ. ಹೇಳದೆ ಇಟ್ಟ ಮಾತು ಹಳತಾದಷ್ಟೂ ಭಾರ. ವಾರದ ಮೌನಕ್ಕಾದರೆ ಒಂದು ನೆಪ ಹೇಳಬಹುದು, ವರ್ಷದ ಮೌನಕ್ಕೆ ಏನು ಹೇಳುವುದು? ಏಟಿಗೆ ಅವನು ಹೆದರಿರಲಿಲ್ಲ. ಗೆರೆಯಪ್ಪ ಎಂಬ ಹೆಸರು ಹೋಗುತ್ತದಲ್ಲ, ಅದಕ್ಕೆ ಹೆದರಿದ್ದ. ಆ ಮನೆಯಲ್ಲಿ ನಿಜವಾದ ಹೇಡಿ ಯಾರು ಎಂದು ಗೊತ್ತಿದ್ದವನು ಅವನೊಬ್ಬನೇ.

ಚಟ ಸುಡುಗಾಡಿಗೆ ಹೋಗುವ ತನಕ ಬಿಡುವುದಿಲ್ಲ. ಮೂಲಂಗಿಯ ಎಂಜಿನ್ನು ಉಳಿದಿತ್ತು, ಎರಡನೆಯ ಕಾರು ಎದ್ದಿತು. ಓಡಿಸಲು ಒಬ್ಬ ಹಲ್ಲಿನ ಡಾಕ್ಟರಮ್ಮ ಸಿಕ್ಕಿದರು, ನಲವತ್ತರ ಗಟ್ಟಿ ಹೆಂಗಸು. "ಎಳೆಯೋದು ಅವರ ಕಸುಬೇ, ಹೇಳಿಕೊಡೋ ಹಾಗಿಲ್ಲ" ಎಂದ ದರ್ಜಿ. ಆದರೂ ಹೇಳಿಕೊಡಲು ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಡಾಕ್ಟರಮ್ಮ ಸೀಟಿನಲ್ಲಿ ಮಲಗಿದಂತೆ ಕೂತಿದ್ದರು. ಭಾವ ಪಕ್ಕದಲ್ಲಿ ಮೊಣಕಾಲೂರಿದ್ದರು.

"ಕಾಲು ತೆಗೀರಿ. ಒಂದು, ಎರಡು, ಮೂರು. ಆಮೇಲೇನೇ ಎಳೀರಿ. ಏನೇ ಆಗಲಿ, ನನ್ನ ಹಾಗೆ ಮಾಡಬೇಡಿ ಡಾಕ್ಟ್ರೇ. ನಾನು ಪುಕ್ಕಲ. ಆರು ವರ್ಷದ ಕೆಲಸಾನ ಒಂದು ಕ್ಷಣದ ಭಯಕ್ಕೆ ಹಾಳು ಮಾಡಿದವನು." ನಗುನಗುತ್ತಲೇ ಹೇಳಿದರು. ಮಡಚದ ಎರಡು ಬೆರಳನ್ನು ಎತ್ತಿ ತೋರಿಸಿದರು. "ಮರೀಬಾರದು ಅಂತ ದೇವರು ಇದನ್ನ ಹೀಗೆ ಇಟ್ಟಿದ್ದಾನೆ."

ಆಮೇಲೆ ಎದ್ದು, ಬಣ್ಣದ ಡಬ್ಬಿ ಮತ್ತು ಕುಂಚವನ್ನು ತಂದು ಭಾವಮೈದುನನ ಕೈಗಿಟ್ಟರು. "ಪ್ಯಾರಾಚೂಟಿನ ಬೋಲ್ಟು ಬಿಗಿದು ಮೊದಲ ಗೆರೆ ನೀನೇ ಎಳಿ. ನಮ್ಮಲ್ಲಿ ಒಂದು ದಿನವೂ ತಪ್ಪದವನು ನೀನೊಬ್ಬನೇ ಕಣೋ."

ಗೆರೆಯಪ್ಪ ಡಬ್ಬಿ, ಕುಂಚ ಎರಡನ್ನೂ ಮೇಜಿನ ಮೇಲಿಟ್ಟ. ಒಳಗೆ ಹೋಗಿ, ತನ್ನ ಟ್ರಂಕಿನ ತಳದಿಂದ ಕ್ಷೌರದ ಸಾಮಾನಿನ ಹಳೇ ಡಬ್ಬಿ ತಂದು, ಅದರೊಳಗಿದ್ದದ್ದನ್ನು ಭಾವನ ಅಂಗೈಗೆ ಸುರಿದ. ಎರಡು ಬೋಲ್ಟು, ಎರಡು ನಟ್ಟು.

ಭಾವ ಕನ್ನಡಕ ಹಾಕಿಕೊಂಡರು. ಒಂದು ಬೋಲ್ಟಿನ ತಿರುಪಿನ ಸುತ್ತುಗಳುದ್ದಕ್ಕೂ ಉಗುರು ಎಳೆದು ನೋಡಿದರು. ಅರ್ಧ ಗೆರೆಯನ್ನು ನೋಡಿದರು. ಮಿಷನ್ನಿನ ಜೊತೆ ಬಾಳಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

"ಮೂಲಂಗೀದಾ?"

"ಹೂಂ. ಎರಡನ್ನ ಬಿಗೀಲೇ ಇಲ್ಲ ಭಾವ. ರೆಂಚು ಬರೋ ಮೊದಲೇ ಗೆರೆ ಎಳೆದಿದ್ದೆ. ಉಳಿದೆರಡು ಒಂದೇ ಸಲ ಅಷ್ಟೂ ಭಾರ ತಡೀಲಾರದೆ ತುಂಡಾದವು."

"ಯಾವಾಗ ಸಿಕ್ತು ಇವು?"

"ಅವತ್ತೇ."

ಭಾವ ಹೊಡೆಯುತ್ತಾರೆ ಎಂದು ಗೆರೆಯಪ್ಪ ಕಾದ. ಹೊಡೆದರೆ ಸಾಕಪ್ಪಾ ಎಂದೂ ಬೇಡಿಕೊಂಡ. ಭಾವ ಸ್ಟೂಲಿನ ಮೇಲೆ ಕುಸಿದು ಕೂತರು. ತುಟಿ ಅಲುಗಿತು. ಒಂದು, ಎರಡು, ಮೂರು.

"ಹಾಗಾದ್ರೆ ನಾನು ಎಣಿಸಿದ್ದೆ" ಎಂದರು. ಯಾರಿಗೂ ಹೇಳಿದ್ದಲ್ಲ. "ನಾನು ಎಣಿಸಿದ್ದೆ." ಐವತ್ತೆಂಟು ವರ್ಷದ ಆ ಗಂಡಸು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಗೆರೆಯಪ್ಪನನ್ನು ಬೈಯುವುದು ಅವರಿಗೆ ನೆನಪೇ ಆಗಲಿಲ್ಲ. ಬೈಗುಳಕ್ಕಿಂತ ಅದೇ ಅವನನ್ನು ಹೆಚ್ಚು ಸುಟ್ಟಿತು.

ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಅವರು ಹೇಳಿದ್ದು ಇಷ್ಟೇ. "ಬಿಗಿಯೋದು ನೀನೇ ಬಿಗಿ. ಆದ್ರೆ ಇನ್ಮೇಲೆ ಈ ಶೆಡ್ಡಿನಲ್ಲಿ ಬಿಗಿದವನು ಗೆರೆ ಎಳೆಯೋ ಹಾಗಿಲ್ಲ. ಇನ್ನೊಬ್ಬ ರೆಂಚು ಇಟ್ಟು ನೋಡಿ ಎಳೀಬೇಕು." ಕುಂಚವನ್ನು ತಾವೇ ತೆಗೆದುಕೊಂಡರು. ಅವನು ಬಿಗಿದ, ಅವರು ಮತ್ತೆ ರೆಂಚಿಟ್ಟು ಟಕ್ ಎನ್ನಿಸಿ, ಸೊಟ್ಟಸೊಟ್ಟಗೆ ನಾಲ್ಕು ಗೆರೆ ಎಳೆದರು.

ಅಕ್ಕನಿಗೆ ತಾನೇ ಹೇಳುತ್ತೇನೆ ಎಂದು ಗೆರೆಯಪ್ಪ ಅಡುಗೆಮನೆಗೆ ಹೋದ. ಪೂರ್ತಿ ಹೇಳಿದ, ಜೇಬಿಗೆ ಹಾಕಿಕೊಂಡದ್ದನ್ನೂ ಬಿಡದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಅವನತ್ತ ತಿರುಗಿದಳು. ಅವನು ಜ್ವರದಲ್ಲಿ ಮಲಗಿದ್ದಾಗ ಹಣೆ ಮುಟ್ಟುತ್ತಿದ್ದಳಲ್ಲ, ಅಷ್ಟು ಹತ್ತಿರ ಬಂದು ನಿಂತಳು. ಮುಟ್ಟಲಿಲ್ಲ.

"ಬೋಲ್ಟು ಮರೆತೆ, ಆಯ್ತು. ಮನುಷ್ಯ ಮರೀತಾನೆ" ಎಂದಳು. "ಮೂರು ವರ್ಷ ಅವರು ನಿದ್ದೇಲಿ ಎಣಿಸ್ತಿದ್ರು. ನೀನು ಪಕ್ಕದ ಕೋಣೇಲೇ ಮಲಗ್ತಿದ್ದೆ. ಕೇಳಿಸ್ತಿತ್ತಾ?"

ಸುಳ್ಳು ಹೇಳಲು ಅವನಿಗೆ ಅದೊಂದು ಕೊನೆಯ ಅವಕಾಶವಿತ್ತು.

"ಕೇಳಿಸ್ತಿತ್ತು ಅಕ್ಕ. ದಿನಾ ಕೇಳಿಸ್ತಿತ್ತು."