ಶಾಂಪೇನ್ ಬಲ್ಲ ಕಾಕಾ

ಕಾಕಾನ ಎರಡೂ ಮಣಿಕಟ್ಟುಗಳಲ್ಲಿ ಲಿಂಬೆಕಾಯಿ ಗಾತ್ರದ ಗಂಟುಗಳಿದ್ದವು. ನಾಸಿಕ್ ಕಡೆಯ ವೈನ್ ಕಾರ್ಖಾನೆಯಲ್ಲಿ, ತಲೆಕೆಳಗಾಗಿ ಓರೆಯಿಟ್ಟ ಬಾಟಲಿಗಳ ಗಸಿ ಕುತ್ತಿಗೆಗೆ ಇಳಿಯಲೆಂದು, ವರ್ಷಗಟ್ಟಲೆ ದಿನಾ ತುಸುತುಸು ತಿರುಗಿಸಿದ ಕೈಗಳವು. ರುಚಿ ನೋಡುವುದೂ ಅವನ ಕೆಲಸವೇ. ಬಾಯಿಗಿಟ್ಟು ಉಗುಳುತ್ತಿದ್ದ, ಗಂಟಲಿಗೆ ಇಳಿಸಿದವನಲ್ಲ. ಇಂಡಿ ತಾಲೂಕಿನ ನಮ್ಮೂರಿಗೆ ಮರಳಿದಾಗ ಅವನನ್ನು ಕುಡುಕ ಎಂದ ನಾಲಿಗೆಗಳಿಗೆ ಹುಳ ಬೀಳಲಿ.

ದ್ರಾಕ್ಷಿ ಬಳ್ಳಿ ಸವರುವ ಚಾಟಣಿ ಕಲಿಸುತ್ತಲೇ ನನಗೆ ಬಾಟಲಿಯ ವಿದ್ಯೆಯನ್ನೂ ಹೇಳುತ್ತಿದ್ದ.

“ಇಂಡಿ ಲಿಂಬಿ ಇಲ್ಲಿ ಬೆಳದ್ರಷ್ಟ ಇಂಡಿ ಲಿಂಬಿ. ಹಂಗ ಫ್ರಾನ್ಸಿನ ಆ ಒಂದ ಸೀಮಿದಷ್ಟ ಶಾಂಪೇನ್. ನಾವು ಮಾಡಿದ್ದು ಬುರುಗಿನ ವೈನ್. ಬಾಟಲಿ ಚೀಟಿ ಮ್ಯಾಲ ಬ್ರೂಟ್ ಅಂತ ಬರದಿದ್ರ ಸಿಹಿ ಭಾಳ ಕಡಿಮಿ. ಎಕ್ಸ್‌ಟ್ರಾ ಡ್ರೈ ಅದಕ್ಕಿಂತ ತುಸು ಸಿಹಿ, ಹೆಸರಿಗೆ ಮರುಳಾಗಬ್ಯಾಡ. ಡೆಮಿ-ಸೆಕ್ ಇನ್ನೂ ಸಿಹಿ.”

ನಮ್ಮ ಒಣದ್ರಾಕ್ಷಿ ಕೊಳ್ಳುವ ವ್ಯಾಪಾರಿಯ ಮಗಳ ಮದುವೆ ಬಂತು. ಮಾಳಿಗೆಯಲ್ಲಿ ಅವನ ವಿದೇಶಿ ಗಿರಾಕಿಗಳಿಗೆ ಶಾಂಪೇನ್, ಕೆಳಗೆ ಊರ ಹಿರಿಯರಿಗೆ ಪಂಕ್ತಿ. ಮುಂಬೈಯಿಂದ ಬಾಟಲಿಗಳನ್ನೇನೋ ತರಿಸಿದ್ದ. ಯಾವುದನ್ನು ತೆರೆಯಬೇಕೆಂದು ತಿಳಿಯದೆ ಕಾಕಾನನ್ನೂ ನನ್ನನ್ನೂ ಹಿತ್ತಲ ಬಾಗಿಲಿನಿಂದ ಒಳಗೆ ಕರೆಸಿದ. ಎಲ್ಲಕ್ಕಿಂತ ತುಟ್ಟಿಯ ಬ್ರೂಟ್ ಎತ್ತಿ ಹಿಡಿದು, “ಇದ ಇರ್ಲೇನು?” ಅಂದ.

“ಬ್ಯಾಡ್ರಿ. ಹೋಳಿಗಿ ತಿಂದ ಮ್ಯಾಲ ಅದು ಹುಳ್ಳಗ ಹತ್ತತೈತಿ” ಎಂದು ಕಾಕಾ ಡೆಮಿ-ಸೆಕ್ ಆರಿಸಿದ. ಚೀಟಿಯ ಮೂಲೆಯಲ್ಲಿದ್ದ ಎರಡು ಸಣ್ಣ ಅಕ್ಷರ ತೋರಿಸಿ, “ದ್ರಾಕ್ಷಿ ಬೆಳದಾವನ ಇದನ್ನ ಮಾಡ್ಯಾನ್ರಿ. ನಮ್ಮಂಥಾ ರೈತ” ಎನ್ನುವಾಗ ಅವನ ಮುಖ ಅರಳಿತ್ತು. ಮಾಳಿಗೆಯಲ್ಲಿ ಚಪ್ಪಾಳೆ ಬಿತ್ತು. ಆರಿಸಿದ್ದು ತಾನೇ ಎಂದು ವ್ಯಾಪಾರಿ ಮೀಸೆ ತಿರುವಿದ.

ಕಾಕಾ ಕೆಳಗೆ ಪಂಕ್ತಿಯಲ್ಲಿ ನನ್ನ ಮಗ್ಗುಲಿಗೆ ಕೂತ. ಎಲೆಗೆ ಉಪ್ಪು ಬಿದ್ದಿತ್ತಷ್ಟೇ, ಅದೇ ವ್ಯಾಪಾರಿ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ:

“ಏಳಪಾ. ಕುಡುಕರ ಜೋಡಿ ಹಿರ್ಯಾರು ಉಣ್ಣಂಗಿಲ್ಲಂತ.”

ಹಿತ್ತಲಲ್ಲಿ ಬೇಕಾದ ಮನುಷ್ಯ ಅಂಗಳದಲ್ಲಿ ಹೊಲಸಾದ! ಕಾಕಾ “ಹೌದ್ರಿ” ಎಂದಷ್ಟೇ ಹೇಳಿ ಎದ್ದುಹೋದ.

ಹೋದ ಬೇಸಿಗೆಯಲ್ಲಿ ಅವನು ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ಬಂದ ವ್ಯಾಪಾರಿ, “ಕುಡಿಯೂದ ಬಿಟ್ಟಿದ್ರ ಇನ್ನಷ್ಟ ದಿನ ಇರ್ತಿದ್ದ” ಎಂದು ನಿಟ್ಟುಸಿರುಬಿಟ್ಟ. ನನ್ನ ಮೈಯೆಲ್ಲ ಉರಿಯಿತು.

“ಅಂವ ಒಂದ ಹನಿ ನುಂಗಿದ್ದಿಲ್ಲ! ಕುಡದವ್ರು ನಿಮ್ಮ ಮಾಳಿಗಿ ಮ್ಯಾಲ ಕುಂತಿದ್ರು!” ಎಂದು ಕೂಗಿದೆ. ವ್ಯಾಪಾರಿ ತಲೆ ತಗ್ಗಿಸಿ ಹೊರಟುಹೋದ. ಊರವರು ನನ್ನ ಬೆನ್ನು ತಟ್ಟಿದರು.

ಆ ಮಾತನ್ನು ಪಂಕ್ತಿಯಲ್ಲೇ ಆಡಬೇಕಿತ್ತು, ಕಾಕಾನ ಕಿವಿಗೆ ಬೀಳುವಂತೆ. ಅಂದು ಅವನು ಎದ್ದುಹೋದ ಮೇಲೂ ನಾನು ಕೂತೇ ಇದ್ದೆ, ನನ್ನ ಎಲೆ ಬರಿದಾಗುವ ತನಕ.